ಲೆನ್ಸ್ ಕೊಳ್ಳುವ ಮುನ್ನ ನಿಲ್ಲುವ ಜಾಗ ನೋಡಿ

ಪ್ರಶ್ನೆ: ನಾನು ಶಿರಸಿ ಕಡೆಯ ಹಳ್ಳಿಯವಳು, ವಯಸ್ಸು 27. ಸಹಕಾರಿ ಸಂಘವೊಂದರಲ್ಲಿ ಕೆಲಸ. ಸಂಬಳದಲ್ಲಿ ಉಳಿಸಿ ನಿಕಾನ್ ಡಿ5600 ಕ್ಯಾಮೆರಾ ಕೊಂಡೆ. ಜೊತೆಗೆ 18–55 ಮತ್ತು 70–300 ಎಂಬ ಎರಡು ಲೆನ್ಸ್ ಬಂದವು. ಯಕ್ಷಗಾನವೆಂದರೆ ನನಗೆ ಪ್ರಾಣ. ಆದರೆ ರಾತ್ರಿ ಆಟದಲ್ಲಿ ತೆಗೆದ ಒಂದು ಚಿತ್ರವೂ ನೆಟ್ಟಗಿರುವುದಿಲ್ಲ. ವೇಷ ಕಲಸಿಹೋಗುತ್ತದೆ, ಮುಖ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಹಕ್ಕಿಯ ಫೋಟೊ ತೆಗೆದರೆ ಹಕ್ಕಿ ಚುಕ್ಕಿಯಷ್ಟು. ಫೋಟೊ ಆಸಕ್ತರ ಗುಂಪೊಂದರಲ್ಲಿ ತೋರಿಸಿದೆ. ‘ಕಿಟ್ ಲೆನ್ಸಿನಲ್ಲಿ ಇನ್ನೇನು ಬರುತ್ತೆ’ ಎಂದು ನಕ್ಕರು. 150–600 ತಗೊಳ್ಳಿ ಎಂದರು ಕೆಲವರು. 24–70 ಎಫ್/2.8 ಇಲ್ಲದೆ ಮದುವೆ ಫೋಟೊ ಆಗುವುದೇ ಇಲ್ಲ ಎಂದರು ಇನ್ನು ಕೆಲವರು. ನನ್ನ ಹತ್ತಿರ ಇರುವುದು 30 ಸಾವಿರ ರೂಪಾಯಿ. ಉಳಿದದ್ದಕ್ಕೆ ಕಂತು ಮಾಡಿಕೊಡುತ್ತೇವೆ ಎನ್ನುತ್ತಾರೆ ಅಂಗಡಿಯವರು. ಬರುವ ವೈಶಾಖದಲ್ಲಿ ಅಣ್ಣನ ಮದುವೆ, ಫೋಟೊ ನೀನೇ ತೆಗೆ ಎಂದು ಮನೆಯವರೆಲ್ಲ ಹೇಳಿಬಿಟ್ಟಿದ್ದಾರೆ. ಅಪ್ಪಯ್ಯ ಮಾತ್ರ ‘ಇದ್ದದ್ದರಲ್ಲಿ ತೆಗೆಯಲು ಬಾರದವಳಿಗೆ ಇನ್ನೊಂದು ಯಾಕೆ’ ಎಂದರು. ಆ ಮಾತು ನಾಟಿದೆ. ಕ್ಯಾಮೆರಾ ಕಪಾಟು ಸೇರಿದೆ, ಮಳೆಗಾಲದಿಂದ ಹೊರಗೆ ತೆಗೆದಿಲ್ಲ. ಕೊರತೆ ಲೆನ್ಸಿನದೋ ನನ್ನದೋ? ಯಾವ ಲೆನ್ಸ್ ಕೊಳ್ಳಲಿ?

— ಹೆಸರು ಬೇಡ, ಶಿರಸಿ

ಉತ್ತರ: ಮಿಕ್ಕ ಮಾತಿಗೆ ಮೊದಲು ಒಂದು ಕೆಲಸ ಮಾಡಿ. ಕಪಾಟಿನಿಂದ ಕ್ಯಾಮೆರಾ ಹೊರಗೆ ತೆಗೆಯಿರಿ. ತೇವದ ಗಾಳಿ, ಕತ್ತಲು, ತಿಂಗಳುಗಟ್ಟಲೆ ಮುಟ್ಟದೆ ಇಟ್ಟಿರುವುದು, ಈ ಮೂರೂ ಸೇರಿದರೆ ಲೆನ್ಸಿನ ಒಳಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ. ನಿಮ್ಮೂರಿನ ಮಳೆಗಾಲ ಈ ಮೂರನ್ನೂ ಧಾರಾಳವಾಗಿ ಒದಗಿಸುತ್ತದೆ. ಲೆನ್ಸ್ ಕಳಚಿ ಎರಡೂ ಮುಚ್ಚಳ ತೆಗೆಯಿರಿ. ಹಿಂಬದಿಯಲ್ಲಿರುವ ಸಣ್ಣ ಲಿವರನ್ನು ಬೆರಳಿನಿಂದ ಮೆಲ್ಲಗೆ ಸರಿಸಿದರೆ ಅಪರ್ಚರ್ ತೆರೆದುಕೊಳ್ಳುತ್ತದೆ. ಆಗ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಕವಲೊಡೆದ ತೆಳು ಬಿಳಿ ಎಳೆಗಳು ಕಂಡರೆ ಅದು ಬೂಷ್ಟು. ನೀವೇ ಬಿಚ್ಚಲು ಹೋಗದೆ ರಿಪೇರಿಯವರ ಕೈಗೆ ಕೊಡಿ. ಏನೂ ಕಾಣದಿದ್ದರೆ ಲೆನ್ಸುಗಳನ್ನು ಸ್ವಲ್ಪ ಹೊತ್ತು ಬೆಳಕು, ಗಾಳಿಗೆ ಇಟ್ಟು ಒರೆಸಿ. ಆಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ಜೊತೆಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಪುಟ್ಟ ಮೀಟರ್ ಇಡಿ. ಮುಳ್ಳು ಶೇಕಡಾ 40ರಿಂದ 50ರ ನಡುವೆ ನಿಲ್ಲಬೇಕು. ಬಟ್ಟೆಯ ಚೀಲದಲ್ಲಿ ಇಡುವುದು ಮಲೆನಾಡಿನಲ್ಲಿ ಖಂಡಿತ ಬೇಡ, ಚೀಲವೇ ತೇವ ಹೀರಿಕೊಂಡು ಕೂರುತ್ತದೆ.

ಈಗ ನೇರ ಉತ್ತರ. 150–600 ಕೊಳ್ಳಬೇಡಿ. 24–70 ಬೇಡ. ಕಂತಿನ ಸಾಲವಂತೂ ಬೇಡವೇ ಬೇಡ. ಕೊಳ್ಳುವುದಿದ್ದರೆ 50 ಮಿ.ಮೀ. ಎಫ್/1.8 ಲೆನ್ಸ್, ಅದೂ ಎಎಫ್-ಎಸ್ ಜಿ ಮಾದರಿ. ನಿಮ್ಮ ಕೈಯಲ್ಲಿರುವ ದುಡ್ಡಿನಲ್ಲಿ ಅದು ಬಂದು ಇನ್ನೂ ಸ್ವಲ್ಪ ಉಳಿಯುತ್ತದೆ. ಕೊರತೆ ಯಾರದೆಂದು ಕೇಳಿದ್ದೀರಿ. ಯಕ್ಷಗಾನದಲ್ಲಿ ಬೆಳಕಿನದು, ಹಕ್ಕಿಯಲ್ಲಿ ದೂರದ್ದು, ಎರಡರಲ್ಲೂ ಸ್ವಲ್ಪಮಟ್ಟಿಗೆ ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟದ್ದರದು. ನಿಮಗೆ ಕೈಯಿಲ್ಲ ಎನ್ನುವುದಕ್ಕೆ ಪತ್ರದಲ್ಲಿ ಒಂದು ಪುರಾವೆಯೂ ನನಗೆ ಕಾಣಲಿಲ್ಲ.

ಯಕ್ಷಗಾನವನ್ನೇ ಮೊದಲು ಹಿಡಿಯೋಣ, ನಿಮ್ಮ ಪ್ರಾಣ ಅಲ್ಲಿದೆ. 18–55 ಲೆನ್ಸನ್ನು 55ಕ್ಕೆ ತಿರುಗಿಸಿದಾಗ ಅದರ ಅಪರ್ಚರ್ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕಿನ ಬಾಗಿಲು ದೊಡ್ಡದು. ಎಫ್/5.6ರಿಂದ ಎಫ್/1.8ಕ್ಕೆ ಹೋದರೆ ಒಳಗೆ ಬರುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ. ಇದನ್ನು ರಂಗಸ್ಥಳಕ್ಕೆ ತಂದು ನೋಡಿ. ಐಎಸ್‌ಒ 1600 ಇಟ್ಟು, ಎಫ್/1.8ರಲ್ಲಿ ಸೆಕೆಂಡಿನ 250ನೇ ಒಂದು ಭಾಗದ ಶಟರ್ ವೇಗ ಸಿಗುವಂಥ ಬೆಳಕಿದೆ ಎನ್ನೋಣ. ಅದೇ ಬೆಳಕಿನಲ್ಲಿ ನಿಮ್ಮ ಕಿಟ್ ಲೆನ್ಸ್ 25ನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಅಷ್ಟು ಹೊತ್ತು ಶಟರ್ ತೆರೆದಿದ್ದರೆ ನಿಂತು ಅರ್ಥ ಹೇಳುವ ಪಾತ್ರಧಾರಿಯ ಕೈ ಕೂಡ ಮಸುಕಾಗುತ್ತದೆ. ಮಂಡಿ ಹಾಕುವ ಬಭ್ರುವಾಹನನ ಗತಿ ಏನಾದೀತು? ಲೆನ್ಸಿನ ಮೇಲೆ ವಿಆರ್ ಎಂದು ಬರೆದಿದೆಯಲ್ಲ, ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು ಮಾತ್ರ. ಎದುರಿನವರ ಕುಣಿತವನ್ನು ಅದು ನಿಲ್ಲಿಸಲಾರದು. ಕಿಟ್ ಲೆನ್ಸಿನಲ್ಲಿ ವಿಆರ್ ಇದ್ದೂ ಚಿತ್ರ ಕಲಸಿತೇಕೆ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ, ಕಾರಣ ಇಷ್ಟೇ.

ಆದರೂ ಹೊಸ ಲೆನ್ಸ್ ಬರುವ ತನಕ ಆಟಕ್ಕೆ ಹೋಗದೆ ಇರಬೇಕಿಲ್ಲ. ಐಎಸ್‌ಒ 6400ಕ್ಕೆ ಏರಿಸಿ. ಆಗ ಅದೇ ಕಿಟ್ ಲೆನ್ಸಿನಲ್ಲಿ 100ನೇ ಒಂದು ಭಾಗ ಸಿಗುತ್ತದೆ. ಚಿತ್ರದಲ್ಲಿ ಕಾಳು ಕಾಳು ಕಾಣಿಸುತ್ತದೆ, ಕಾಣಿಸಲಿ. ಕಾಳಿರುವ ಚಿತ್ರ ಕಲಸಿದ ಚಿತ್ರಕ್ಕಿಂತ ಸಾವಿರ ಪಾಲು ಮೇಲು. ಅರ್ಥಗಾರಿಕೆಯ ಹೊತ್ತು, ಒಡ್ಡೋಲಗ ಮುಗಿದು ಪಾತ್ರ ಒಂದು ಗಳಿಗೆ ಸ್ಥಿರವಾಗುವ ಹೊತ್ತು, ಕುಣಿತದ ತುದಿಯಲ್ಲಿ ತಾಳ ಬಿದ್ದಾಗ ಮೈ ಥಟ್ಟನೆ ನಿಲ್ಲುವ ಆ ಕ್ಷಣ, ಇವಕ್ಕೆಲ್ಲ ಅಷ್ಟು ವೇಗ ಸಾಕು. ಇಲ್ಲಿ ನಿಮಗೊಂದು ದೊಡ್ಡ ಅನುಕೂಲವಿದೆ. ನಿಮ್ಮ ಗುಂಪಿನವರಲ್ಲಿ ಬಹಳ ಮಂದಿಗೆ ಇಲ್ಲದ್ದು ಅದು. ನಿಮಗೆ ಪದ್ಯ ಗೊತ್ತು. ಭಾಗವತರು ಯಾವ ಸಾಲಿಗೆ ಬಂದರು, ಚಂಡೆ ಎಲ್ಲಿ ಏರುತ್ತದೆ, ಬಿಡ್ತಿಗೆ ಎಲ್ಲಿ ಎನ್ನುವುದು ಕಿವಿಗೇ ತಿಳಿಯುತ್ತದೆ. ಆ ಕಿವಿಯನ್ನು ನಂಬಿ ಬೆರಳು ಒತ್ತಿ.

ಮುಖ ಬಿಳಿಚಿಕೊಳ್ಳುವುದರಲ್ಲಿ ಲೆನ್ಸಿನ ಪಾತ್ರವೇ ಇಲ್ಲ. ರಂಗಸ್ಥಳದ ಹಿಂದೆ ಕಪ್ಪು ಕತ್ತಲೆ, ಮುಂದೆ ಬೆಳಕಿನಲ್ಲಿ ಹೊಳೆಯುವ ಬಣ್ಣದ ಮುಖ. ಕ್ಯಾಮೆರಾ ಚೌಕಟ್ಟಿನ ಬಹುಪಾಲು ಕಪ್ಪನ್ನು ಕಂಡು ‘ಬೆಳಕು ಸಾಲದು’ ಎಂದುಕೊಂಡು ಎಲ್ಲವನ್ನೂ ಬೆಳಗಿಸಲು ಹೋಗುತ್ತದೆ, ಮುಖದ ಮೇಲಿನ ಬಣ್ಣಗಾರಿಕೆ ಅಳಿಸಿಹೋಗುತ್ತದೆ. ಅಪರ್ಚರ್ ಪ್ರಯಾರಿಟಿ ಮೋಡಿನಲ್ಲಿ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಮೈನಸ್ 1ಕ್ಕೆ ಇಳಿಸಿ. ಮುಖದ ಬಣ್ಣ ಉಳಿಯುತ್ತದೆ, ಜೊತೆಗೆ ಶಟರ್ ವೇಗವೂ ಇಮ್ಮಡಿಯಾಗುತ್ತದೆ. ಎರಡು ತೊಂದರೆಗೂ ಅದೊಂದೇ ಗುಂಡಿ. ಇನ್ನೊಂದು ವಿಚಾರ: ನಮ್ಮ ವಿದ್ಯುತ್ತು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟು ಮತ್ತು ಹಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ತಿಳಿಯದು. ಆದರೆ ಶಟರ್ ವೇಗ 250ನೇ ಒಂದು ಭಾಗಕ್ಕೆ ಏರಿದಾಗ ಒಂದು ಚಿತ್ರ ಬೆಳಗಿ, ಮುಂದಿನದು ಮಂಕಾಗಿ ಬರುವುದುಂಟು, ಬಣ್ಣವೂ ಬದಲಾಗುವುದುಂಟು. ಕ್ಯಾಮೆರಾ ಕೆಟ್ಟಿತೆಂದು ಹೆದರಬೇಡಿ. ಕುಣಿತವಿಲ್ಲದಾಗ 100ರಲ್ಲೇ ಇರಿ, ಕುಣಿತವಿದ್ದಾಗ ಬಿಡದೆ ನಾಲ್ಕಾರು ಚಿತ್ರ ತೆಗೆದು ಸರಿಯಾದದ್ದನ್ನು ಇಟ್ಟುಕೊಳ್ಳಿ.

ಹಾಗಾದರೆ 50 ಮಿ.ಮೀ. ಯಾಕೆ, 35 ಯಾಕಲ್ಲ, 85 ಯಾಕಲ್ಲ? ಇದಕ್ಕೆ ಉತ್ತರ ನೀವು ಕೂರುವ ಜಾಗದಲ್ಲಿದೆ. ಲೆನ್ಸ್ ಆಯ್ಕೆಯ ಬಗ್ಗೆ ನನ್ನ ಹತ್ತಿರ ಇರುವ ಮಾತು ಮುಖ್ಯವಾಗಿ ಇದೊಂದೇ: ಎಲ್ಲಿ ನಿಲ್ಲುತ್ತೇನೆ, ಅಲ್ಲಿ ಎಷ್ಟು ಬೆಳಕಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು, ಅಂಕಿ ಆಮೇಲೆ ತಾನಾಗಿ ಬರುತ್ತದೆ. ಅಂಗಡಿಯಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ.

ಮುಂದಿನ ಸಾಲಿನಲ್ಲಿ ಕೂತರೆ ಪಾತ್ರಧಾರಿ ನಿಮ್ಮಿಂದ ಸುಮಾರು 6 ಮೀಟರ್ ದೂರ ಎನ್ನೋಣ. ನಿಮ್ಮ ಕ್ಯಾಮೆರಾದ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ. 50 ಮಿ.ಮೀ. ಲೆನ್ಸ್ ಹಾಕಿ ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿ ಹಿಡಿದರೆ, ಆ ದೂರದಲ್ಲಿ ಚೌಕಟ್ಟಿಗೆ ಸಿಗುವ ಎತ್ತರ 2.8 ಮೀಟರ್, ಅಗಲ 1.9 ಮೀಟರ್. ಮುಂಡಾಸು ಕಟ್ಟಿದ ಆಳು ಗೆಜ್ಜೆಯಿಂದ ತುದಿಯವರೆಗೆ ಅದರಲ್ಲಿ ಸುಖವಾಗಿ ಹಿಡಿಸುತ್ತಾನೆ, ತಲೆಯ ಮೇಲೆ ಸ್ವಲ್ಪ ಕತ್ತಲೆಯೂ ಉಳಿಯುತ್ತದೆ. 35 ಮಿ.ಮೀ. ಹಾಕಿ ಅಡ್ಡ ಹಿಡಿದರೆ ಅದೇ ಜಾಗದಿಂದ 4 ಮೀಟರ್ ಅಗಲ ಬರುತ್ತದೆ, ಎರಡು ಪಾತ್ರಗಳ ಸಂವಾದಕ್ಕೆ ಹೇಳಿ ಮಾಡಿಸಿದ್ದು. 85ರಲ್ಲಿ ಸೊಂಟದಿಂದ ಮೇಲಿನ ಭಾಗ. ಮೂರೂ ಒಳ್ಳೆಯವೇ. ಒಂದನ್ನೇ ಕೊಳ್ಳಬಹುದಾದಾಗ ನಾನು ಒಂಟಿ ವೇಷದ ಕಡೆಗೆ ವಾಲುತ್ತೇನೆ. ಬಡಗುತಿಟ್ಟಿನ ಸೊಬಗು ಇರುವುದು ಆ ಇಡೀ ಆಕೃತಿಯಲ್ಲಿ: ಕೇದಗೆ ಮುಂದಲೆ, ಬಾಗಿದ ಮೊಣಕಾಲು, ಬೀಸಿದ ತೋಳು. ಅದನ್ನು ಮುಖದವರೆಗೆ ಕತ್ತರಿಸಿ ತೋರಿಸುವ ಚಿತ್ರಗಳು ಈಗ ಬೇಕಾದಷ್ಟಿವೆ.

ನನ್ನ ಮಾತನ್ನೂ ಹಾಗೇ ಒಪ್ಪಬೇಡಿ. ಕಂಪ್ಯೂಟರಿನಲ್ಲಿ ನಿಮ್ಮ ಹಳೆಯ ಚಿತ್ರಗಳನ್ನು ತೆರೆಯಿರಿ. ಪ್ರತಿ ಚಿತ್ರದ ವಿವರದಲ್ಲಿ ಅದನ್ನು ಎಷ್ಟು ಮಿ.ಮೀ.ನಲ್ಲಿ, ಯಾವ ಶಟರ್ ವೇಗದಲ್ಲಿ ತೆಗೆದಿರಿ ಎಂಬುದು ದಾಖಲಾಗಿರುತ್ತದೆ. ಮೆಚ್ಚಿಗೆಯಾದ ಚಿತ್ರಗಳನ್ನು ಮಾತ್ರ ಬೇರೆ ಮಾಡಿ, ಅಂಕಿ ಬರೆದುಕೊಳ್ಳಿ. ಆಮೇಲೆ 18–55ನ್ನು 50ರ ಗುರುತಿಗೆ ಇಟ್ಟು ಒಂದು ವಾರ ಅಲುಗಾಡಿಸದೆ ಬಳಸಿ, ಇನ್ನೊಂದು ವಾರ 35ಕ್ಕೆ ಇಟ್ಟು ನೋಡಿ. ಯಾವ ವಾರ ಉಸಿರು ಕಟ್ಟಿದಂತಾಯಿತೋ ಆ ಅಂಕಿ ನಿಮ್ಮದಲ್ಲ. ಎರಡನೆಯ ವಾರ ನಿಮಗೆ ಹೆಚ್ಚು ಖುಷಿ ಕೊಟ್ಟಿದ್ದರೆ ನನ್ನ ಸಲಹೆ ಬದಿಗಿಟ್ಟು 35 ಎಫ್/1.8 ಡಿಎಕ್ಸ್ ಕೊಳ್ಳಿ. ಮನೆಯ ಒಳಗೆ, ಅಡುಗೆಮನೆಯಲ್ಲಿ, ಜಗುಲಿಯಲ್ಲಿ ಅದೇ ಹೆಚ್ಚು ಒದಗುತ್ತದೆ.

50 ಬಂದ ದಿನ ಎಲ್ಲರೂ ಮಾಡುವಂತೆ ನೀವೂ ಎಲ್ಲವನ್ನೂ ಎಫ್/1.8ರಲ್ಲಿ ತೆಗೆಯುತ್ತೀರಿ. ತೆಗೆಯಿರಿ, ಅದೊಂದು ಸಂಭ್ರಮ. ಆದರೆ ಅಳತೆ ಗೊತ್ತಿರಲಿ. ಎರಡು ಮೀಟರ್ ದೂರದಲ್ಲಿ ಕೂತವರನ್ನು ಎಫ್/1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಅರ್ಧ ಗೇಣು, ಅಷ್ಟೇ. ಕಣ್ಣು ಚೂಪಾಗಿದ್ದರೆ ಕಿವಿ ಮಸುಕು. ಇಬ್ಬರು ಹಿಂದೆ ಮುಂದೆ ಕೂತಿದ್ದರೆ ಒಬ್ಬರು ಹೋದಂತೆಯೇ. ಎಫ್/4ಕ್ಕೆ ಬಂದರೆ ಒಂದು ಗೇಣು ಸಿಗುತ್ತದೆ. ಚೌಕಿಯಲ್ಲಿ ಕನ್ನಡಿಯ ಮುಂದೆ ಬಣ್ಣ ಬರೆದುಕೊಳ್ಳುವ ಕಲಾವಿದರನ್ನು ತೆಗೆಯುವಾಗ ಎಫ್/2.8ರ ಆಸುಪಾಸಿನಲ್ಲಿದ್ದು, ಫೋಕಸ್ ಬಿಂದುವನ್ನು ಒಂದೇ ಒಂದಕ್ಕೆ ಇಳಿಸಿ ಅದನ್ನು ಕಣ್ಣಿನ ಮೇಲಿಡಿ. ನಿಮ್ಮ ಕ್ಯಾಮೆರಾದಲ್ಲಿ 39 ಬಿಂದುಗಳಿವೆ, ಆಯ್ಕೆಯನ್ನು ಅದಕ್ಕೇ ಬಿಟ್ಟರೆ ಕಣ್ಣು ಬಿಟ್ಟು ಕಿರೀಟದ ಹೊಳಪನ್ನು ಹಿಡಿಯುತ್ತದೆ. ಚೌಕಿಗೆ ಹೋಗುವ ಮೊದಲು ಮೇಳದವರನ್ನು ಕೇಳಿ, ಫ್ಲ್ಯಾಶ್ ಹಾಕಬೇಡಿ. ರಂಗಸ್ಥಳದಲ್ಲಂತೂ ಫ್ಲ್ಯಾಶ್ ಎತ್ತಲೇಬಾರದು. ಮಂಡಿ ಹಾಕಿ ತಿರುಗುತ್ತಿರುವವರ ಕಣ್ಣಿಗೆ ಅದು ಹೊಡೆದರೆ ಆಗುವ ಅಪಾಯ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಹಕ್ಕಿ. ಹಕ್ಕಿ ಚುಕ್ಕಿಯಷ್ಟು ಎಂದಿರಿ. 300 ಮಿ.ಮೀ. ಲೆನ್ಸಿನಲ್ಲಿ 30 ಮೀಟರ್ ದೂರದ ಬೆಳ್ಳಕ್ಕಿಯನ್ನು ತೆಗೆದರೆ ಚೌಕಟ್ಟಿನ ಎತ್ತರ ಅಲ್ಲಿ ಒಂದೂವರೆ ಮೀಟರ್. ಹಕ್ಕಿ ಸುಮಾರು 60 ಸೆಂ.ಮೀ., ಅಂದರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಇದು ಚುಕ್ಕಿಯಲ್ಲ. ನಿಮ್ಮ ಸೆನ್ಸರಿನಲ್ಲಿ 24 ಮೆಗಾಪಿಕ್ಸೆಲ್ ಇದೆ. ಚಿತ್ರದ ಉದ್ದಗಲ ಎರಡನ್ನೂ ಅರ್ಧಕ್ಕೆ ಕತ್ತರಿಸಿದರೂ 6 ಮೆಗಾಪಿಕ್ಸೆಲ್ ಉಳಿಯುತ್ತದೆ, ಎ4 ಹಾಳೆಯಷ್ಟು ದೊಡ್ಡದಾಗಿ ಅಚ್ಚು ಹಾಕಿಸಲು ಅದು ಸಾಕು. ಚುಕ್ಕಿಯಾಗಿ ಕಾಣುತ್ತಿದೆ ಎಂದರೆ ನೀವು ನಿಂತಿರುವುದು 100 ಮೀಟರ್ ಆಚೆ. ಅಷ್ಟು ದೂರಕ್ಕೆ 600 ಹಾಕಿದರೂ ಬರುವುದು ನಡುವಿನ ಗಾಳಿಯ ಚಿತ್ರ. ಬಿಸಿಲೇರಿದ ಮೇಲೆ ಅತ್ತಿವೇರಿಯಂಥ ಜಲಾಶಯದ ನೀರಿನ ಮೇಲೆ ಗಾಳಿ ಅಲೆಯಾಡುತ್ತದೆ, ಆಗ ಎಷ್ಟು ದುಬಾರಿ ಗಾಜಿಟ್ಟರೂ ಹಕ್ಕಿಯ ಗರಿ ಬಿಡಿಬಿಡಿಯಾಗಿ ಮೂಡದು.

150–600 ಲೆನ್ಸಿಗೆ ಅದರದೇ ಜಾಗವಿದೆ, ಅದನ್ನು ಹಳಿಯುತ್ತಿಲ್ಲ. ಆದರೆ ಉದ್ದದ ತುದಿಯಲ್ಲಿ ಅದರ ಅಪರ್ಚರ್ ಎಫ್/6.3, ನಿಮ್ಮ 70–300ರದ್ದೂ ಎಫ್/6.3. ಬೆಳಕಿನಲ್ಲಿ ನಯಾಪೈಸೆ ಲಾಭವಿಲ್ಲ. 600ರಲ್ಲಿ ಕೈ ನಡುಕವಾಗಲಿ ಹಕ್ಕಿಯ ಅಲುಗಾಟವಾಗಲಿ ಕಾಣದಿರಲು ಸೆಕೆಂಡಿನ 900ನೇ ಒಂದು ಭಾಗದ ಆಸುಪಾಸು ವೇಗ ಬೇಕು. ನಿಮ್ಮ ಸೊಪ್ಪಿನ ಬೆಟ್ಟದ ನೆರಳಿನಲ್ಲಿ, ಮುಂಜಾನೆ, ಅಷ್ಟು ವೇಗ ಬೇಕೆಂದರೆ ಐಎಸ್‌ಒ ಆಕಾಶಕ್ಕೇರುತ್ತದೆ. ತೂಕ ಎರಡು ಕಿಲೋ ಹತ್ತಿರ. ಬಯಲುಸೀಮೆಯ ಹುಲ್ಲುಗಾವಲಿನಲ್ಲಿ, ಜೀಪಿನಲ್ಲಿ ಕೂತು ತೆಗೆಯುವವರಿಗೆ ಅದು ಒದಗುವಷ್ಟು ದಟ್ಟ ಮಲೆನಾಡಿನವರಿಗೆ ಒದಗದು.

ಮೂವತ್ತು ಮೀಟರನ್ನು ಹದಿನೈದು ಮಾಡಿಕೊಂಡರೆ 300ರ ಲೆನ್ಸು 600 ಆದಂತೆಯೇ ಲೆಕ್ಕ. ಹದಿನೈದು ಮಾಡಿಕೊಳ್ಳುವುದು ಹೇಗೆಂಬುದೇ ಹಕ್ಕಿ ಫೋಟೊದ ವಿದ್ಯೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಹೆಸರು ಮಾಡಿದ್ದು ಫಿಲ್ಮಿನ ಕಾಲದಲ್ಲಿ. ಒಂದು ರೋಲಿಗೆ 36 ಚಿತ್ರ, ಆಮೇಲೆ ಮುಗಿಯಿತು. ಹಕ್ಕಿ ಎಲ್ಲಿಗೆ, ಯಾವ ಹೊತ್ತಿಗೆ ಬರುತ್ತದೆಂದು ದಿನಗಟ್ಟಲೆ ನೋಡಿ, ಮರೆಯಲ್ಲಿ ಕೂತು ಕಾಯುವ ಪರಂಪರೆ ಅವರದು. ನಿಮಗೆ ಮರೆ ಕಟ್ಟುವುದೂ ಬೇಕಿಲ್ಲ, ಹಳ್ಳಿಯ ಮನೆಯ ಹಿಂದೆ ತೋಟವಿದ್ದೇ ಇರುತ್ತದೆ. ಬೇಸಿಗೆಯಲ್ಲಿ ನೆರಳಿಗೆ ಒಂದು ಮಣ್ಣಿನ ಬಾನಿಯಲ್ಲಿ ನೀರಿಡಿ, ಕಿಟಕಿಯ ಒಳಗೆ ಕೂರಿ. ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್‌ನಲ್ಲಿ ದೇಶದ ಎಲ್ಲೆಡೆಯಿಂದ ಬಂದವರು ಮಾಡುವುದೂ ಇದನ್ನೇ. ನೀರಿನ ಬಾನಿಗೆ ಇಳಿಯುವ ಹಕ್ಕಿಗಳು ಕೆಲವೇ ಮೀಟರ್ ದೂರದಲ್ಲಿರುತ್ತವೆ, 300 ಅಲ್ಲಿ ಧಾರಾಳ. ಗಣೇಶಗುಡಿ ನಿಮ್ಮ ಊರಿನಿಂದ ತೀರಾ ದೂರವೂ ಅಲ್ಲ.

ಒಂದು ಕಡೆ ಮಾತ್ರ ಈ ಹತ್ತಿರ ಹೋಗುವ ಮಾತು ಸಲ್ಲದು. ಗೂಡಿನ ಹತ್ತಿರ. ಸೋಂದಾ ಬಳಿಯ ಮುಂಡಿಗೆಕೆರೆಯಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಅಲ್ಲಿ ದಂಡೆಯಲ್ಲೇ ನಿಂತು ಸಿಕ್ಕಷ್ಟು ತೆಗೆಯಿರಿ. ಹಕ್ಕಿ ಚಿಕ್ಕದಾಗಿಯೇ ಇರಲಿ. ಕೆರೆ, ಮುಂಡಿಗೆಯ ಪೊದೆ, ಮೋಡ ಎಲ್ಲವೂ ಚೌಕಟ್ಟಿಗೆ ಬರಲಿ. ಅಂಥ ಚಿತ್ರ ನನಗೆ ಚೌಕಟ್ಟು ತುಂಬಿದ ಕೊಕ್ಕಿಗಿಂತ ಪ್ರಿಯ. ಅಲ್ಲಿಯೂ ಮೈನಸ್ 1ರ ಗುಂಡಿ ನೆನಪಿರಲಿ. ಕಡು ಹಸಿರಿನ ನಡುವಿನ ಬಿಳಿ ಹಕ್ಕಿ ಕೂಡ ಬಣ್ಣದ ಮುಖದಂತೆಯೇ ಬಿಳಿಚಿ ಹೋಗುತ್ತದೆ. ಎಂದಾದರೂ 600 ಬೇಕೇ ಬೇಕು ಎನ್ನುವ ಪ್ರವಾಸ ಒದಗಿದರೆ ಬೆಂಗಳೂರಿನಂಥ ಊರುಗಳಲ್ಲಿ ಅದು ಬಾಡಿಗೆಗೆ ಸಿಗುತ್ತದೆ, ಎರಡು ದಿನಕ್ಕೆ ತಂದು ಹಿಂದಿರುಗಿಸಿ.

ಜಾತ್ರೆ, ದೇವಸ್ಥಾನಗಳಿಗೆ ಹೊಸದೇನೂ ಬೇಡ. ಬನವಾಸಿಯ ಮಧುಕೇಶ್ವರಕ್ಕೆ 18–55ರ 18 ಸಾಕು. ಶಿಖರ ಹಿಡಿಸಲೆಂದು ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಗೋಡೆಗಳು ಹಿಂದಕ್ಕೆ ವಾಲಿದಂತೆ ಬರುತ್ತವೆ. ಕ್ಯಾಮೆರಾ ಸಮವಾಗಿ ಹಿಡಿದು, ಸ್ವಲ್ಪ ಹಿಂದೆ ಸರಿದು, ಮುಂದಿನ ಅಂಗಳವನ್ನೂ ಸೇರಿಸಿಕೊಂಡು ಆಮೇಲೆ ಕತ್ತರಿಸಿ. ಮಾರಿಕಾಂಬಾ ಜಾತ್ರೆಯ ರಥದ ಮುಂದೆ ಲೆನ್ಸ್ ಬದಲಿಸುವ ಗೋಜಿಗೆ ಹೋಗಬೇಡಿ, ಧೂಳು ಸೆನ್ಸರಿಗೆ ಕೂರುತ್ತದೆ. 18 ಹಾಕಿಕೊಂಡು ಜನರ ನಡುವೆ ನುಗ್ಗಿ.

ಆದರೆ ಅದೇ 18ರಲ್ಲಿ ಮನೆಯಲ್ಲಿ ನಿಮ್ಮ ಆಯಿಯ ಮುಖವನ್ನು ಹತ್ತಿರದಿಂದ ತೆಗೆಯಬೇಡಿ. ಮೂಗು ದಪ್ಪ, ಕಿವಿ ಮಾಯ. ಇದು ಲೆನ್ಸಿನ ದೋಷ ಎಂದು ಬಹಳ ಮಂದಿ ತಿಳಿದಿದ್ದಾರೆ, ಹಾಗಲ್ಲ. ಒಂದು ಅಡಿ ದೂರದಿಂದ ನೋಡಿದರೆ ಮೂಗು ನಿಜವಾಗಿಯೂ ಕಿವಿಗಿಂತ ಬಹಳ ಹತ್ತಿರದಲ್ಲಿದೆ, ಹಾಗಾಗಿ ದೊಡ್ಡದಾಗಿ ಬರುತ್ತದೆ. ಮುಖದ ಆಕಾರ ನಿರ್ಧರಿಸುವುದು ನಿಮ್ಮ ದೂರ. ಆ ದೂರದಿಂದ ಎಷ್ಟನ್ನು ಚೌಕಟ್ಟಿಗೆ ಸೇರಿಸಬೇಕೆಂಬುದನ್ನಷ್ಟೇ ಲೆನ್ಸ್ ನಿರ್ಧರಿಸುತ್ತದೆ. ಎರಡು ಮೀಟರ್ ಹಿಂದೆ ಸರಿದು 50 ಹಾಕಿ. ಆಯಿ ಆಯಿಯಂತೆಯೇ ಬರುತ್ತಾರೆ.

ಮದುವೆಯ ವಿಚಾರದಲ್ಲಿ ನಾನು ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಣ್ಣನ ಮದುವೆಯ ಮುಖ್ಯ ಫೋಟೊಗ್ರಾಫರ್ ನೀವಾಗಬೇಡಿ. ಬೇರೆಯವರನ್ನು ಗೊತ್ತುಮಾಡಿ ಎಂದು ಮನೆಯಲ್ಲಿ ಈಗಲೇ ಹೇಳಿ. ಇದು ನಿಮ್ಮ ಕೈಯ ಮೇಲಿನ ಅನುಮಾನದಿಂದ ಬಂದ ಮಾತಲ್ಲ. ವರನ ತಂಗಿಗೆ ಆ ದಿನ ನೂರು ಕೆಲಸ, ಕಳಶ ಹಿಡಿದು ನಿಲ್ಲಬೇಕಾದವಳೂ ಹಲವು ಮನೆಗಳಲ್ಲಿ ಅವಳೇ. ಧಾರೆಯ ಹೊತ್ತಿಗೆ ನೀವು ಅಣ್ಣನ ಪಕ್ಕದಲ್ಲಿರಬೇಕು, ಕ್ಯಾಮೆರಾದ ಹಿಂದೆ ಅಲ್ಲ. ಅಲ್ಲದೆ ಧಾರೆ ಒಂದೇ ಸಲ ಆಗುವುದು, ಕಾರ್ಡ್ ಕೈಕೊಟ್ಟರೆ, ಬ್ಯಾಟರಿ ಮುಗಿದರೆ ಮತ್ತೊಮ್ಮೆ ಎರೆಯಿರಿ ಎನ್ನುವಂತಿಲ್ಲ. ವೃತ್ತಿಯವರು ಎರಡು ಕ್ಯಾಮೆರಾ ಹಾಕಿಕೊಂಡು ಬರುವುದು ಅದಕ್ಕೇ.

ನಿಮ್ಮ 50ಕ್ಕೆ ಬೇರೆ ಕೆಲಸವಿದೆ. ಹಿಂದಿನ ದಿನ ಚಪ್ಪರ ಹಾಕುವವರು, ತರಕಾರಿ ಹೆಚ್ಚುವ ರಾತ್ರಿಯ ಮಾತುಕತೆ, ಹೂ ಕಟ್ಟುವ ಅತ್ತೆಯಂದಿರು, ಹೊಸ ಅಂಗಿ ಚುಚ್ಚುತ್ತದೆಂದು ಅಳುವ ಮಗು. ಬಾಡಿಗೆಗೆ ಬಂದವರು ಇದನ್ನು ತೆಗೆಯಲಾರರು, ಆ ಹೊತ್ತಿಗೆ ಅವರು ಅಲ್ಲಿರುವುದೇ ಇಲ್ಲ. 24–70 ಎಫ್/2.8 ಒಳ್ಳೆಯ ಲೆನ್ಸು, ಆದರೆ ಅದನ್ನು ಮಾಡಿದ್ದು ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಕ್ಕೆ. ನಿಮ್ಮ ಸೆನ್ಸರಿನ ಮೇಲೆ ಅದರ ನೋಟ 36–105ರಷ್ಟಕ್ಕೆ ಕಿರಿದಾಗುತ್ತದೆ, ಇಕ್ಕಟ್ಟಿನ ಜಗುಲಿಯಲ್ಲಿ ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲ. ಮುಂದೊಮ್ಮೆ ಇಂಥದ್ದು ಬೇಕೆನಿಸಿದರೆ ನಿಮ್ಮ ಕ್ಯಾಮೆರಾಕ್ಕೆ ಸರಿಹೊಂದುವುದು ಸಿಗ್ಮಾದವರ 17–50 ಎಫ್/2.8, ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಬಹುದು.

ಅಪ್ಪಯ್ಯನ ಮಾತಿಗೆ ಬರುತ್ತೇನೆ. ಅದು ನೋಯಿಸಿದ್ದು ಸಹಜ. ಆದರೆ ಅವರು ಕಂಡದ್ದು ಕಲಸಿದ ಚಿತ್ರಗಳನ್ನು, ಕೇಳಿದ್ದು ಕಂತಿನ ಸಾಲದ ಸುದ್ದಿಯನ್ನು. ಸಾಲದ ಮಾತಿಗೆ ತಂದೆಯೊಬ್ಬರು ಹೆದರಿ ಒರಟಾಗಿ ಆಡಿದ್ದನ್ನು ನಿಮ್ಮ ಕೈಗುಣಕ್ಕೆ ಕೊಟ್ಟ ತೀರ್ಪೆಂದು ತೆಗೆದುಕೊಳ್ಳಬೇಡಿ. ಬರುವ ಆಟಕ್ಕೆ ಅವರನ್ನೂ ಕರೆದುಕೊಂಡು ಹೋಗಿ. ಐಎಸ್‌ಒ 6400, ಮೈನಸ್ 1, ಇದ್ದ ಕಿಟ್ ಲೆನ್ಸಿನಲ್ಲೇ ತೆಗೆದ ಒಂದು ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಮನೆಗೆ ತನ್ನಿ. ಕಿಟ್ ಲೆನ್ಸ್ ಎಂದು ನಕ್ಕವರಿಗೆ ಉತ್ತರ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಚಿತ್ರ ನೋಡುವ ಬದಲು ಲೆನ್ಸಿನ ಹೆಸರು ಕೇಳುವವರಿಂದ ಕಲಿಯುವುದು ಹೆಚ್ಚೇನಿಲ್ಲ. ನಿಮ್ಮ ಚಿತ್ರದ ಮುಂದೆ ನಿಂತು ‘ಇಲ್ಲಿ ಕೈ ಕತ್ತರಿಸಿದೆಯಲ್ಲ’ ಎನ್ನುವವರು ಒಬ್ಬರು ಸಿಕ್ಕರೆ ಅವರನ್ನು ಬಿಡಬೇಡಿ.

ಕೊಳ್ಳುವಾಗ ಎಚ್ಚರ ವಹಿಸಬೇಕಾದ್ದು ಒಂದಿದೆ. ನಿಕಾನ್‌ನ 50 ಎಫ್/1.8ರಲ್ಲಿ ಹಳೆಯ ‘ಡಿ’ ಮಾದರಿ ಒಂದು, ‘ಎಎಫ್-ಎಸ್ ಜಿ’ ಇನ್ನೊಂದು. ಡಿ ಮಾದರಿ ಸೆಕೆಂಡ್ ಹ್ಯಾಂಡಿನಲ್ಲಿ ಬಹಳ ಅಗ್ಗ, ಆದರೆ ಅದರೊಳಗೆ ಫೋಕಸ್ ಮೋಟಾರಿಲ್ಲ, ನಿಮ್ಮ ಡಿ5600ರೊಳಗೂ ಇಲ್ಲ. ಕತ್ತಲೆಯ ಆಟದಲ್ಲಿ ಕೈಯಿಂದ ತಿರುಗಿಸುತ್ತ ಕೂರಬೇಕಾಗುತ್ತದೆ. ಎಎಫ್-ಎಸ್ ಎಂದು ಮೈಮೇಲೆ ಬರೆದಿರುವುದನ್ನು ಕಣ್ಣಾರೆ ನೋಡಿ. ಮುಂದೆ ಮಿರರ್‌ಲೆಸ್ ಝಡ್ ಕ್ಯಾಮೆರಾಕ್ಕೆ ಹೋದರೂ ಎಫ್‌ಟಿಝಡ್ ಅಡಾಪ್ಟರ್ ಮೂಲಕ ಅದು ಆಟೊ ಫೋಕಸ್ ಸಮೇತ ಕೆಲಸ ಮಾಡುತ್ತದೆ, ದುಡ್ಡು ದಂಡವಾಗದು. ‘ಲೆನ್ಸಿಗೆ ರಕ್ಷಣೆ’ ಎಂದು ಅಗ್ಗದ ಯುವಿ ಫಿಲ್ಟರ್ ಅಂಟಿಸಲು ಬಂದರೆ ಬೇಡ ಎನ್ನಿ. ರಂಗಸ್ಥಳದ ದೀಪಗಳು ಅದರಲ್ಲಿ ಪ್ರತಿಫಲಿಸಿ ಚಿತ್ರದ ತುಂಬ ಹಸಿರು ಚುಕ್ಕೆ ಕೂರಿಸುತ್ತವೆ. ಬದಲಿಗೆ ಹುಡ್ ಹಾಕಿ. ಸೆಕೆಂಡ್ ಹ್ಯಾಂಡ್ ಆದರೆ ಮೊದಲು ಹೇಳಿದ ಟಾರ್ಚ್ ಪರೀಕ್ಷೆ ಮಾಡಿ, ಅಪರ್ಚರ್ ಎಸಳುಗಳ ಮೇಲೆ ಎಣ್ಣೆಯ ಪಸೆ ಇದೆಯೇ ನೋಡಿ. ನಿಮ್ಮದೇ ಕ್ಯಾಮೆರಾಕ್ಕೆ ಹಾಕಿ ಎಫ್/1.8ರಲ್ಲಿ ಹತ್ತಿರದ್ದೊಂದು, ದೂರದ್ದೊಂದು ತೆಗೆದು ಪರದೆಯಲ್ಲಿ ಹಿಗ್ಗಿಸಿ ನೋಡಿ. ಕಣ್ಣಿಗಿಟ್ಟ ಫೋಕಸ್ ಮತ್ತೆ ಮತ್ತೆ ಕಿವಿಗೆ ಹೋಗುತ್ತಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ, ಇನ್ನೊಂದು ಸಿಗುತ್ತದೆ.